ಏಳು ವಾರದ ಮಗು, ಸಂಜೆಗೊಂದು ಬಾಟಲಿ: ಬರೀ ಎದೆಹಾಲು ಕೊಡುವುದು ಕೆಲವರಿಗೆ ಯಾಕೆ ಕೈತಪ್ಪುತ್ತದೆ?

ಪ್ರಶ್ನೆ: ನನ್ನದು ಚೊಚ್ಚಲ ಹೆರಿಗೆ, ಸಿಸೇರಿಯನ್ ಆಯಿತು. ಮೊದಲ ಎರಡು ದಿನ ಆಸ್ಪತ್ರೆಯಲ್ಲಿ ಮಗುವಿಗೆ ಪುಡಿ ಹಾಲು ಕೊಟ್ಟರು. ಈಗ ಮಗಳಿಗೆ ಏಳು ವಾರ. ಹುಟ್ಟಿದಾಗ 2.9 ಕಿಲೋ ಇದ್ದಳು, ಮೊನ್ನೆ ತೂಗಿದಾಗ 4.1 ಕಿಲೋ. ಹಗಲೂ ರಾತ್ರಿಯೂ ಎದೆಹಾಲು ಕುಡಿಯುತ್ತಾಳೆ. ಆದರೆ ಸಂಜೆ ಆರರಿಂದ ಒಂಬತ್ತರವರೆಗೆ ಎದೆ ಬಿಡುವುದೇ ಇಲ್ಲ, ಬಿಟ್ಟರೆ ಅಳು. ನನ್ನ ಎದೆಯೂ ಮೊದಲಿನ ಹಾಗೆ ತುಂಬಿ ಬಿಗಿಯುವುದಿಲ್ಲ. "ನಿನ್ನ ಹಾಲು ಸಾಲುತ್ತಿಲ್ಲ" ಎನ್ನುತ್ತಾರೆ ಅತ್ತೆ. ಹಾಗಾಗಿ ಎರಡು ವಾರದಿಂದ ಸಂಜೆ 60 ಮಿ.ಲೀ. ಪುಡಿ ಹಾಲು ಕೊಡುತ್ತಿದ್ದೇನೆ. ಇನ್ನು ಐದು ವಾರಕ್ಕೆ ಕೆಲಸಕ್ಕೆ ಹೋಗಬೇಕು. ನನ್ನ ಅಕ್ಕ ಆರು ತಿಂಗಳು ಬರೀ ಎದೆಹಾಲಿನಲ್ಲೇ ಮಗು ಸಾಕಿದಳು. ಅವಳಿಗೆ ಆದದ್ದು ನನಗೆ ಯಾಕೆ ಆಗುತ್ತಿಲ್ಲ? ನನ್ನಲ್ಲೇ ಏನಾದರೂ ಕೊರತೆ ಇದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ಹಾಲಿನ ಕೊರತೆ ಕಾಣುತ್ತಿಲ್ಲ. ಬಾಯಿಮಾತಿನ ಸಮಾಧಾನಕ್ಕೆ ಹೀಗೆ ಹೇಳುತ್ತಿಲ್ಲ. ಲೆಕ್ಕ ನೀವೇ ಕೊಟ್ಟಿದ್ದೀರಿ.

ಹುಟ್ಟಿದ ಮೊದಲ ಕೆಲವು ದಿನ ಬಹುತೇಕ ಎಲ್ಲ ಮಕ್ಕಳೂ ಸ್ವಲ್ಪ ತೂಕ ಇಳಿಯುತ್ತಾರೆ. ಸುಮಾರು ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತಾರೆ. ಅಲ್ಲಿಂದ ಮುಂದೆ ಮೂರು ತಿಂಗಳವರೆಗೆ ವಾರಕ್ಕೆ 150ರಿಂದ 200 ಗ್ರಾಂ ಏರಿದರೆ ಚೆನ್ನಾಗಿದೆ ಎಂದೇ ಅರ್ಥ. ನಿಮ್ಮ ಮಗಳು ಏಳು ವಾರದಲ್ಲಿ 1,200 ಗ್ರಾಂ ಏರಿದ್ದಾಳೆ. ಇಳಿದ ದಿನಗಳನ್ನೂ ಸೇರಿಸಿ ಭಾಗಿಸಿದರೂ ವಾರಕ್ಕೆ 170 ಗ್ರಾಂ ದಾಟುತ್ತದೆ. ಇದರಲ್ಲಿ ಬಾಟಲಿಯ ಪಾಲೆಷ್ಟು? ನಾಲ್ಕು ಕಿಲೋ ತೂಗುವ ಮಗು ದಿನಕ್ಕೆ ಸುಮಾರು 600 ಮಿ.ಲೀ. ಹಾಲು ಕುಡಿಯುತ್ತದೆ. ನೀವು ಕೊಡುತ್ತಿರುವುದು 60. ಅಂದರೆ ಈ ಎರಡು ವಾರದಲ್ಲೂ ಅವಳ ಹಾಲಿನ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ನಿಮ್ಮದೇ. ಅದಕ್ಕೂ ಮೊದಲು, ಆಸ್ಪತ್ರೆಯ ಎರಡು ದಿನ ಬಿಟ್ಟರೆ, ಪೂರ್ತಿ ನಿಮ್ಮದೇ.

ಇನ್ನು ಅಕ್ಕನ ವಿಷಯ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು, ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ನೀರನ್ನೂ ಕೊಡಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವೈದ್ಯರು ಹೇಳಿದ ಔಷಧಿ, ವಿಟಮಿನ್ ಹನಿ, ಓಆರ್‌ಎಸ್ ಕೊಟ್ಟರೆ ಇದಕ್ಕೆ ಭಂಗವಿಲ್ಲ. ಆದರೆ ಆ ಸಂಸ್ಥೆ ಮತ್ತು ಯುನಿಸೆಫ್ 2023ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ ಆರು ತಿಂಗಳೊಳಗಿನ ಮಕ್ಕಳ ಪೈಕಿ ಹೀಗೆ ಬರೀ ಎದೆಹಾಲು ಕುಡಿಯುವವರು ಶೇ. 48 ಮಾತ್ರ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ತಾಯಂದಿರ ಎದೆಯಲ್ಲಿ ಹಾಲಿಲ್ಲ ಎಂದು ನಂಬಲು ಸಾಧ್ಯವೇ? ದೈಹಿಕ ಕಾರಣದಿಂದ ನಿಜವಾಗಿಯೂ ಹಾಲು ಸಾಲದವರು ಇದ್ದಾರೆ, ಅವರ ಬಗ್ಗೆ ಮುಂದೆ ಹೇಳುತ್ತೇನೆ, ಆದರೆ ಅವರ ಸಂಖ್ಯೆ ತೀರಾ ಸಣ್ಣದು. ಉಳಿದವರ ವಿಷಯದಲ್ಲಿ ಫಲಿತಾಂಶವನ್ನು ತೀರ್ಮಾನಿಸುವುದು ತಾಯಿಯ ಸುತ್ತ ಇರುವ ಜನ, ಅವಳು ಹೆತ್ತ ಆಸ್ಪತ್ರೆ, ಅವಳ ಕೆಲಸದ ಜಾಗ.

ಇದು ನನ್ನ ಅಭಿಪ್ರಾಯವಷ್ಟೇ ಅಲ್ಲ. 1990ರ ದಶಕದ ಕೊನೆಯಲ್ಲಿ ಬೆಲಾರಸ್ ದೇಶದ 31 ಹೆರಿಗೆ ಆಸ್ಪತ್ರೆಗಳಲ್ಲಿ ದೊಡ್ಡದೊಂದು ಅಧ್ಯಯನ ನಡೆಯಿತು. ಕೆಲವು ಆಸ್ಪತ್ರೆಗಳ ಸಿಬ್ಬಂದಿಗೆ ತಾಯಂದಿರಿಗೆ ಹಾಲೂಡಿಸಲು ನೆರವಾಗುವ ತರಬೇತಿ ಕೊಟ್ಟರು. ಉಳಿದ ಕಡೆ ರೂಢಿಯಂತೆ ನಡೆಯಿತು. ಎರಡೂ ಕಡೆ ಸೇರಿದವರು ಎದೆಹಾಲು ಕೊಡಲು ಮನಸ್ಸು ಮಾಡಿದ್ದ ತಾಯಂದಿರೇ, ಒಟ್ಟು 17,046 ಜೋಡಿ ತಾಯಿ ಮಗು. ಮೂರು ತಿಂಗಳ ಹೊತ್ತಿಗೆ ತರಬೇತಿ ಸಿಕ್ಕ ಆಸ್ಪತ್ರೆಗಳ ಮಕ್ಕಳಲ್ಲಿ ಶೇ. 43.3 ಮಂದಿ ಬರೀ ಎದೆಹಾಲಿನಲ್ಲಿದ್ದರು. ಇನ್ನೊಂದು ಗುಂಪಿನಲ್ಲಿ ಶೇ. 6.4. ಆ ದೇಶದಲ್ಲಿ ಹೆರಿಗೆ ರಜೆ ಬಹಳ ದೀರ್ಘ, ಹಾಗಾಗಿ ಎರಡನೆಯ ಗುಂಪಿನವರು ಕೆಲಸಕ್ಕೆ ಓಡಬೇಕಾಗಿ ಬಂದು ನಿಲ್ಲಿಸಿದರು ಎನ್ನುವಂತಿಲ್ಲ. ಕಲಿಸುವವರು ಇರಲಿಲ್ಲ. ಢಾಕಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ಪತ್ರೆಯವರೂ ಬೇಕಾಗಲಿಲ್ಲ. ಅಕ್ಕಪಕ್ಕದ ತಾಯಂದಿರಿಗೇ ತರಬೇತಿ ಕೊಟ್ಟು, ಬಸುರಿನ ಕೊನೆಯ ತಿಂಗಳುಗಳಿಂದ ಮಗುವಿಗೆ ಐದು ತಿಂಗಳಾಗುವವರೆಗೆ ಮನೆಗೆ ಹೋಗಿ ಮಾತಾಡಿಸುವಂತೆ ಮಾಡಿದರು. ಐದನೇ ತಿಂಗಳಿಗೆ ಅವರು ಹೋಗಿಬರುತ್ತಿದ್ದ ಮನೆಗಳಲ್ಲಿ ಶೇ. 70, ಹೋಗದ ಮನೆಗಳಲ್ಲಿ ಶೇ. 6. ಈ ಅಂತರ ನನ್ನನ್ನು ಇವತ್ತಿಗೂ ಕಲಕುತ್ತದೆ. ಎರಡೂ ಗುಂಪುಗಳ ತಾಯಂದಿರು ಒಂದೇ ನಗರದವರು, ಒಂದೇ ಬಗೆಯ ಬದುಕಿನವರು.

ಈಗ ನಿಮ್ಮ ವಿಷಯದಲ್ಲಿ ಏನೇನು ಕೂಡಿಬಂದಿದೆ ನೋಡೋಣ.

ಮಗುವಿನ ಕಸ, ಅಂದರೆ ಮಾಸು, ಹೊರಬಂದ ಮೇಲೆ ತಾಯಿಯ ರಕ್ತದಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನು ಥಟ್ಟನೆ ಕುಸಿಯುತ್ತದೆ. ಹಾಲು ಧಾರಾಳವಾಗಿ ಉತ್ಪತ್ತಿಯಾಗಲು ಅದೇ ಅಪ್ಪಣೆ. ಆದರೂ ಎದೆ ತುಂಬಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಬರುವ ಹಳದಿ ಬಣ್ಣದ ಗಟ್ಟಿ ಹಾಲು ಪ್ರಮಾಣದಲ್ಲಿ ಕಡಿಮೆ, ಒಂದು ಸಲಕ್ಕೆ ಕೆಲವೇ ಚಮಚ. ಹುಟ್ಟಿದ ಮಗುವಿಗೆ ಬೇಕಾದದ್ದೂ ಅಷ್ಟೇ. ಚೊಚ್ಚಲ ಹೆರಿಗೆ, ಸಿಸೇರಿಯನ್, ಸಕ್ಕರೆ ಕಾಯಿಲೆ, ಹೆಚ್ಚು ಮೈತೂಕ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಇವುಗಳಲ್ಲಿ ಯಾವುದಿದ್ದರೂ ಎದೆ ತುಂಬುವುದು ಇನ್ನೂ ಒಂದೆರಡು ದಿನ ತಡವಾಗಬಹುದು. ನಿಮಗೆ ಮೊದಲ ಎರಡೂ ಇದ್ದವು. ಹೊಲಿಗೆಯ ನೋವು, ಮಗ್ಗುಲಾಗಲೂ ಇನ್ನೊಬ್ಬರ ಕೈ ಬೇಕು, ಮಗು ಬೇರೆ ಕೋಣೆಯಲ್ಲಿ. ಬಾಟಲಿ ಒಳಬರುವುದು ಸಾಮಾನ್ಯವಾಗಿ ಈ ಸಂದಿಯಲ್ಲೇ. ಮಗುವಿನ ಸಕ್ಕರೆ ಅಂಶ ಇಳಿದಿದ್ದರೆ, ತೂಕ ವಿಪರೀತ ಕುಸಿದಿದ್ದರೆ, ಅವಧಿಗೆ ಮುಂಚೆ ಹುಟ್ಟಿದ್ದರೆ ಹೊರಗಿನ ಹಾಲು ಬೇಕಾಗಬಹುದು, ಅದರಲ್ಲಿ ತಪ್ಪಿಲ್ಲ. ನಿಮ್ಮ ಮಗಳಿಗೆ ಯಾಕೆ ಕೊಟ್ಟರೆಂದು ನೀವು ಬರೆದಿಲ್ಲ, ಆದ್ದರಿಂದ ಅದು ಬೇಕಿತ್ತೇ ಬೇಡವಾಗಿತ್ತೇ ಎಂದು ನಾನು ತೀರ್ಪು ಕೊಡುವುದಿಲ್ಲ. ಆದರೆ ಕಾರಣವನ್ನು ತಾಯಿಗೆ ತಿಳಿಸಬೇಕಿತ್ತು, ಆ ಎರಡು ದಿನ ಕೈಯಿಂದ ಹಾಲು ಹಿಂಡಿ ತೆಗೆಯುವುದನ್ನು ಕಲಿಸಬೇಕಿತ್ತು. ಕಾರಣ ತಿಳಿಸದೆ ಕೊಟ್ಟ ಬಾಟಲಿ "ನಿನ್ನಿಂದ ಆಗುವುದಿಲ್ಲ" ಎಂಬ ಮಾತನ್ನು ತಾಯಿಯ ಮನಸ್ಸಿನಲ್ಲಿ ಬಿಟ್ಟುಹೋಗುತ್ತದೆ. ಏಳು ವಾರ ಕಳೆದರೂ ನೀವು ಅದನ್ನೇ ಕೇಳಿಸಿಕೊಳ್ಳುತ್ತಿದ್ದೀರಿ ಎಂದು ನನಗನ್ನಿಸಿತು.

ಎರಡನೆಯದು, ಎಲ್ಲಕ್ಕಿಂತ ಬಲವಾದದ್ದು: ಹಾಲು ಸಾಲದು ಎಂಬ ಅನುಮಾನ. ಯಾವ ದೇಶದಲ್ಲಿ ಕೇಳಿದರೂ ತಾಯಂದಿರು ಬಾಟಲಿ ಹಿಡಿಯಲು ಕೊಡುವ ಕಾರಣಗಳಲ್ಲಿ ಇದು ಮುಂಚೂಣಿಯಲ್ಲಿದೆ. ಅನುಮಾನ ಹುಟ್ಟಿಸುವ ಗುರುತುಗಳೂ ಹೆಚ್ಚುಕಡಿಮೆ ನೀವು ಬರೆದವೇ. ಅವು ಯಾವುವೂ ಹಾಲಿನ ಅಳತೆಯಲ್ಲ. ಮೊದಲ ವಾರಗಳಲ್ಲಿ ಎದೆ ಬಿಗಿಯುವುದು ದೇಹಕ್ಕೆ ಇನ್ನೂ ಮಗುವಿನ ಅಗತ್ಯದ ಅಂದಾಜು ಸಿಕ್ಕಿಲ್ಲದ್ದರಿಂದ. ಆರು ವಾರದ ಆಸುಪಾಸಿನಲ್ಲಿ ಅಂದಾಜು ಸಿಗುತ್ತದೆ, ಎದೆ ಮೆತ್ತಗಾಗುತ್ತದೆ, ತಾನಾಗಿ ಸೋರುವುದು ನಿಲ್ಲುತ್ತದೆ, ಹಾಲು ಇಳಿದಿರುವುದಿಲ್ಲ. ಸಂಜೆಯ ಅಳುವಂತೂ ಮಕ್ಕಳ ಬೆಳವಣಿಗೆಯದೇ ಒಂದು ಘಟ್ಟ. ಎರಡನೇ ವಾರದಿಂದ ಏರುತ್ತಾ ಹೋಗಿ ಸುಮಾರು ಆರನೇ ವಾರಕ್ಕೆ ತುತ್ತತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಬಾಟಲಿ ಹಾಲು ಕುಡಿಯುವ ಮಕ್ಕಳೂ ಹೀಗೇ ಅಳುತ್ತಾರೆ. ಸಂಜೆಯ ಹೊತ್ತು ಮೇಲಿಂದ ಮೇಲೆ ಎದೆ ಕೇಳುವುದು, ಸ್ವಲ್ಪ ಕುಡಿದು ಬಿಡುವುದು, ಮತ್ತೆ ಕೇಳುವುದು ಆರೋಗ್ಯವಂತ ಮಗುವಿನ ಸಹಜ ಗುಣ. ಪಂಪಿನಲ್ಲಿ ಎಷ್ಟು ಬಂತು ಎನ್ನುವುದೂ ಸಾಕ್ಷಿಯಲ್ಲ, ಯಂತ್ರಕ್ಕೆ ಮಗುವಿನ ಬಾಯಿಯ ನೈಪುಣ್ಯ ಇರುವುದಿಲ್ಲ.

ನಂಬಬಹುದಾದ ಗುರುತುಗಳು ಬೇರೆ. ತೂಕ ಏರುತ್ತಿದೆಯೇ? ದಿನಕ್ಕೆ ಆರು ಸಲವಾದರೂ ಬಟ್ಟೆ ಚೆನ್ನಾಗಿ ಒದ್ದೆಯಾಗುತ್ತದೆಯೇ? ಮೂತ್ರದ ಬಣ್ಣ ತಿಳಿಯಾಗಿದೆಯೇ? ಕುಡಿಯುವಾಗ ಗುಟುಕರಿಸುವ ಸದ್ದು ಕೇಳುತ್ತದೆಯೇ? ಇಷ್ಟು ಸರಿಯಿದ್ದರೆ ಹಾಲು ಸಾಲುತ್ತಿದೆ. ಈ ವಯಸ್ಸಿನ ನಂತರ ಮಲ ವಿಸರ್ಜನೆ ಕೆಲವು ಮಕ್ಕಳಲ್ಲಿ ದಿನಗಟ್ಟಲೆ ಆಗದಿರಬಹುದು. ಆದಾಗ ಮೆತ್ತಗಿದ್ದರೆ, ಮಗು ಲವಲವಿಕೆಯಿಂದಿದ್ದರೆ ಅದಕ್ಕಾಗಿ ಹೆದರಬೇಡಿ.

ಅನುಮಾನದ ಅಪಾಯವೇನೆಂದರೆ, ಅದು ತನ್ನನ್ನು ತಾನೇ ನಿಜ ಮಾಡಿಕೊಳ್ಳಬಲ್ಲದು. ಹಾಲಿನ ಉತ್ಪತ್ತಿ ನಿಂತಿರುವುದು ಎದೆ ಎಷ್ಟು ಬರಿದಾಗುತ್ತದೆ ಎನ್ನುವುದರ ಮೇಲೆ. ಮಗು ಚೀಪಿದಾಗಲೆಲ್ಲ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಿ ಹಾಲು ಉತ್ಪತ್ತಿಯಾಗುತ್ತದೆ, ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚಿ ಹಾಲು ಇಳಿಯುತ್ತದೆ. ಹಾಲು ಎದೆಯಲ್ಲೇ ಉಳಿದರೆ "ಇಷ್ಟು ಬೇಕಿಲ್ಲ" ಎಂಬ ಸೂಚನೆ ಸಿಕ್ಕಿ ಉತ್ಪತ್ತಿ ಇಳಿಯುತ್ತದೆ. ಸಂಜೆ ಬಾಟಲಿ ಕುಡಿದ ಮಗು ಗಾಢವಾಗಿ ನಿದ್ದೆ ಹೋಗುತ್ತದೆ. ಆ ಹೊತ್ತಿನಲ್ಲಿ ಎದೆ ಬರಿದಾಗುವುದಿಲ್ಲ. ಕೆಲವು ದಿನಗಳಲ್ಲಿ ಹಾಲು ನಿಜವಾಗಿಯೂ ಕೊಂಚ ಕಡಿಮೆಯಾಗುತ್ತದೆ, 60 ಮಿ.ಲೀ. ಇದ್ದದ್ದು 90 ಆಗುತ್ತದೆ, ಒಂದು ಬಾಟಲಿ ಎರಡಾಗುತ್ತದೆ. ಕೊನೆಗೆ "ಮೊದಲೇ ಹೇಳಿದ್ದೆವಲ್ಲ" ಎನ್ನುತ್ತಾರೆ ಮನೆಯವರು. ನೀವಿನ್ನೂ ಈ ಹಾದಿಯ ಮೊದಲ ಹೆಜ್ಜೆಯಲ್ಲಿದ್ದೀರಿ, ಸಲೀಸಾಗಿ ಹಿಂತಿರುಗಬಹುದು.

ನಿಜವಾದ ಕೊರತೆ ಯಾರಿಗೆ ಬರುತ್ತದೆ? ಹಾಲಿನ ಗ್ರಂಥಿಗಳು ಹುಟ್ಟಿನಿಂದಲೇ ಪೂರ್ತಿ ಬೆಳೆಯದವರಿಗೆ, ಸ್ತನದ ಶಸ್ತ್ರಚಿಕಿತ್ಸೆ ಆದವರಿಗೆ, ಮಾಸಿನ ತುಣುಕು ಗರ್ಭಕೋಶದಲ್ಲೇ ಉಳಿದವರಿಗೆ, ಹೆರಿಗೆಯ ಭಾರೀ ರಕ್ತಸ್ರಾವದಿಂದ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾದವರಿಗೆ, ಥೈರಾಯ್ಡ್ ತೊಂದರೆಗೆ ಚಿಕಿತ್ಸೆ ಆಗದವರಿಗೆ. ಇದನ್ನು ಓದುತ್ತಿರುವವರಲ್ಲಿ ಅಂಥವರಿದ್ದರೆ ದಯವಿಟ್ಟು ವೈದ್ಯರನ್ನು ಕಾಣಿ, ಅಲ್ಲಿಯವರೆಗೆ ಮಗುವಿಗೆ ಪುಡಿ ಹಾಲು ಧೈರ್ಯವಾಗಿ ಕೊಡಿ. ಹಸಿದ ಮಗುವಿಗೆ ಹಾಲು ಕೊಟ್ಟ ತಾಯಿಯನ್ನು ಯಾರೂ ದೂರಕೂಡದು.

ನೋವಿನ ಬಗ್ಗೆ ನೀವೇನೂ ಬರೆದಿಲ್ಲ. ಮೊಲೆತೊಟ್ಟು ಬಿರಿದಿದ್ದರೆ, ಕುಡಿಸುವಾಗ ಹಲ್ಲು ಕಚ್ಚಿ ಕೂರುವಂತಿದ್ದರೆ, ಮಗು ಎದೆ ಹಿಡಿಯುವ ರೀತಿ ಸರಿಯಿಲ್ಲ. ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಒಳಗೆ ಹೋಗಿ, ಗಲ್ಲ ಎದೆಗೆ ಒತ್ತಿರಬೇಕು. ಬರೀ ತೊಟ್ಟು ಚೀಪಿದರೆ ತಾಯಿಗೆ ನೋವು, ಮಗುವಿಗೆ ಅರೆಹೊಟ್ಟೆ. ಇದನ್ನು ಓದಿ ಕಲಿಯುವುದು ಕಷ್ಟ. ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಒಂದು ಸಲ ನೋಡಿದರೆ ಹತ್ತು ನಿಮಿಷದ ಕೆಲಸ.

ಅತ್ತೆಯವರ ಮಾತಿಗೆ ಬರೋಣ. ತಾಯಂದಿರ ನಿರ್ಧಾರದಲ್ಲಿ ಅಜ್ಜಿಯರ ಮತ್ತು ಗಂಡನ ಮಾತಿಗೆ ಇರುವ ತೂಕ ದೊಡ್ಡದು. ಅವರು ನಿಮ್ಮ ವಿರೋಧಿಯಲ್ಲ. ಮೊಮ್ಮಗಳು ಅತ್ತಾಗ ಅವರ ಕರುಳೂ ಕಿತ್ತುಬರುತ್ತದೆ. ಅವರು ಹೆತ್ತ ಕಾಲದಲ್ಲಿ ವೈದ್ಯರೇ ಎಷ್ಟೋ ಕಡೆ ಗಡಿಯಾರ ನೋಡಿ ಮೂರು ನಾಲ್ಕು ಗಂಟೆಗೊಮ್ಮೆ ಕುಡಿಸಿ, ನಡುವೆ ನೀರು ಕೊಡಿ ಎನ್ನುತ್ತಿದ್ದರು. ಆ ಲೆಕ್ಕದಲ್ಲಿ ಗಂಟೆಗೊಮ್ಮೆ ಎದೆ ಕೇಳುವ ಮಗು ಹಸಿದಂತೆಯೇ ಕಾಣುತ್ತದೆ. ಆದ್ದರಿಂದ ವಾದಕ್ಕಿಳಿಯಬೇಡಿ, ಮುಂದಿನ ಸಲ ತೂಕ ಹಾಕಿಸಲು ಹೋಗುವಾಗ ಅವರನ್ನೂ ಕರೆದೊಯ್ಯಿರಿ. ತೂಕದ ಗೆರೆ ಏರುವುದನ್ನು ಅವರೇ ನೋಡಲಿ, ಅದರ ಅರ್ಥವನ್ನು ವೈದ್ಯರ ಬಾಯಿಂದಲೇ ಕೇಳಲಿ. ಸೊಸೆ ಹೇಳಿದರೆ ವಾದವಾಗುವ ಮಾತು ಅಲ್ಲಿ ಸಮಾಧಾನವಾಗುತ್ತದೆ. ನೀರಿನ ಮಾತು ಬಂದರೆ ಒಂದೇ ಉತ್ತರ ಸಾಕು: ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೇಳರಷ್ಟು ನೀರೇ ಇದೆ, ಬಿಸಿಲಿನ ದಿನಗಳಲ್ಲೂ ಅದು ಸಾಕು. ಮೇಲಿನ ನೀರು ಆ ಪುಟ್ಟ ಹೊಟ್ಟೆ ತುಂಬಿಸಿ ಹಾಲಿನ ಜಾಗ ಕಸಿಯುತ್ತದೆ, ಭೇದಿಯ ಸೋಂಕಿಗೂ ದಾರಿ ಮಾಡುತ್ತದೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೂಬಾರದು. ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಮನೆಯವರ ಭಯಕ್ಕೆ ಹೊರಗಿನಿಂದ ಗಾಳಿ ಹಾಕುವವರೂ ಇದ್ದಾರೆ. ಮಗು ಅತ್ತರೆ, ವಾಯು ಬಿಟ್ಟರೆ, ರಾತ್ರಿ ಎದ್ದರೆ ಅದು ಹಾಲಿನ ದೋಷ, ನಮ್ಮ ಡಬ್ಬಿಯಲ್ಲಿ ಪರಿಹಾರವಿದೆ ಎಂದು ಹೇಳುವುದು ಪುಡಿ ಹಾಲಿನ ಮಾರಾಟದ ಹಳೆಯ ತಂತ್ರ. ಇದನ್ನು ಹತೋಟಿಯಲ್ಲಿಡಲು 1981ರಲ್ಲೇ ವಿಶ್ವ ಆರೋಗ್ಯ ಸಭೆ ಅಂತರರಾಷ್ಟ್ರೀಯ ಸಂಹಿತೆಯೊಂದನ್ನು ಒಪ್ಪಿತು: ಜನರಿಗೆ ಜಾಹೀರಾತು ಕೂಡದು, ತಾಯಂದಿರಿಗೆ ಉಚಿತ ಮಾದರಿ ಕೂಡದು. ಈಗ ಅದೇ ಜಾಹೀರಾತು ತಾಯಿಯ ಫೋನಿಗೇ, ಸಲಹೆಯ ವೇಷದಲ್ಲಿ, ಮಧ್ಯರಾತ್ರಿ ಅವಳು ಮಗುವನ್ನು ಎತ್ತಿಕೊಂಡು ಉತ್ತರ ಹುಡುಕುವ ಹೊತ್ತಿಗೆ ಬಂದು ತಲುಪುತ್ತದೆ. ಇದು ನನಗೆ ಸಿಟ್ಟು ತರಿಸುವ ವಿಷಯ.

ತಾಯಿಯ ಓದು, ಹಣದ ಅನುಕೂಲ ಎಷ್ಟು ಮುಖ್ಯ ಎಂದು ಅನೇಕರು ಕೇಳುತ್ತಾರೆ. ಶ್ರೀಮಂತ ದೇಶಗಳಲ್ಲಿ ಓದಿದವರು, ಅನುಕೂಲಸ್ಥರು ಹೆಚ್ಚು ಕಾಲ ಎದೆಹಾಲು ಕೊಡುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಬಡ ತಾಯಂದಿರೇ ಹೆಚ್ಚು ಕಾಲ ಕೊಡುತ್ತಾರೆ. ಅಂದಮೇಲೆ ತಿಳಿವಳಿಕೆಯೊಂದರಿಂದಲೇ ಎಲ್ಲವೂ ಆಗುವುದಿಲ್ಲ.

ಮನಸ್ಸಿನ ಸ್ಥಿತಿ ಮಾತ್ರ ಎಲ್ಲ ಕಡೆಯೂ ಲೆಕ್ಕಕ್ಕೆ ಬರುತ್ತದೆ. ಆತಂಕ, ನೋವು, ನಿದ್ದೆಗೇಡು ಹಾಲನ್ನು ಬತ್ತಿಸುವುದಿಲ್ಲ, ಆದರೆ ಇಳಿಯುವುದನ್ನು ತಡಮಾಡುತ್ತವೆ. ಹೆರಿಗೆಯ ನಂತರದ ಖಿನ್ನತೆ ಇದ್ದರೆ ಹಾಲೂಡಿಸುವುದು ಹೊರೆಯಾಗುತ್ತದೆ, ಹಾಲೂಡಿಸಲು ಆಗದಿದ್ದರೆ ಖಿನ್ನತೆ ಬೆಳೆಯುತ್ತದೆ. "ನನ್ನಲ್ಲೇ ಕೊರತೆ ಇದೆಯೇ" ಎಂದು ಬರೆದಿದ್ದೀರಲ್ಲ, ಅದಕ್ಕಾಗಿ ಕೇಳುತ್ತಿದ್ದೇನೆ: ಎರಡು ವಾರದಿಂದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿದೆಯೇ? ಮಗು ಮಲಗಿದಾಗಲೂ ನಿಮಗೆ ನಿದ್ದೆ ಹತ್ತುವುದಿಲ್ಲವೇ? ಯಾವುದರಲ್ಲೂ ಖುಷಿ ಇಲ್ಲವೇ? ಹೌದಾದರೆ ಹಾಲಿನ ಮಾತು ಆಮೇಲೆ, ಮೊದಲು ವೈದ್ಯರನ್ನು ಕಾಣಿ. ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ನಿಮಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದ್ದರೆ ಈ ದಿನವೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ಈ ವಾರದಿಂದ ಏನು ಮಾಡಬಹುದು? ಸಂಜೆಯ ಬಾಟಲಿಯನ್ನು ಒಮ್ಮೆಲೇ ನಿಲ್ಲಿಸಬೇಡಿ, ಎರಡು ಮೂರು ದಿನಕ್ಕೊಮ್ಮೆ 15 ಮಿ.ಲೀ. ಇಳಿಸಿ. ನೀರು ಹೆಚ್ಚಿಸಿ ತೆಳುಮಾಡುವುದು ಅಪಾಯ, ಪುಡಿಯನ್ನೂ ನೀರನ್ನೂ ಡಬ್ಬಿಯ ಮೇಲಿನ ಅಳತೆಯಂತೆ ಬೆರೆಸಿ ಒಟ್ಟು ಪ್ರಮಾಣವನ್ನೇ ಕಡಿಮೆ ಮಾಡಿ. ಬಾಟಲಿಗೆ ಮೊದಲು ಎರಡೂ ಎದೆ ಕೊಡಿ, ಮತ್ತೊಮ್ಮೆ ಕೇಳಿದರೆ ಮತ್ತೊಮ್ಮೆ ಕೊಡಿ. ಆ ಮೂರು ಗಂಟೆ ನಿಮ್ಮಿಂದ ಬೇರೆ ಯಾವ ಕೆಲಸವನ್ನೂ ಮನೆಯವರು ನಿರೀಕ್ಷಿಸದಿರಲಿ. ಅಡುಗೆ ಬೇರೆಯವರು ನೋಡಿಕೊಳ್ಳಲಿ, ಕುಡಿದು ಮುಗಿದ ಮೇಲೂ ಅಳುವ ಮಗುವನ್ನು ಅವಳ ಅಪ್ಪ ಎದೆಗವಚಿಕೊಂಡು ಓಡಾಡಲಿ. ಹಗಲೂ ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸುವುದು ಈ ವಯಸ್ಸಿಗೆ ಸಹಜ. ರಾತ್ರಿ ಪ್ರೊಲ್ಯಾಕ್ಟಿನ್ ಹೆಚ್ಚಿರುತ್ತದೆ, ಆದ್ದರಿಂದ ರಾತ್ರಿಯ ಹಾಲನ್ನು ತಪ್ಪಿಸಬೇಡಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ತೂಕ ಏರುವುದು ನಿಧಾನವಾದರೆ ಇಳಿಸುವುದನ್ನು ನಿಲ್ಲಿಸಿ ಮಕ್ಕಳ ವೈದ್ಯರಿಗೆ ತೋರಿಸಿ. ಮೂತ್ರ ತೀರಾ ಕಡಿಮೆಯಾದರೆ, ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನು ಐದು ವಾರಕ್ಕೆ ಎದುರಾಗುವ ಕೆಲಸದ ಪ್ರಶ್ನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಪ್ಪಂದ ಹೇಳುವ ಕನಿಷ್ಠ ಹೆರಿಗೆ ರಜೆ 14 ವಾರ. ಆರು ತಿಂಗಳೆಂದರೆ 26 ವಾರ. ಆ ಕನಿಷ್ಠವನ್ನು ಪಾಲಿಸಿದ ಕಡೆಯೂ ಹನ್ನೆರಡು ವಾರದ ಕಂದರ ಉಳಿಯುತ್ತದೆ, ಅದನ್ನು ದಾಟುವ ಭಾರ ಪೂರ್ತಿ ತಾಯಿಯ ಹೆಗಲಿಗೆ. ನಿಮ್ಮ ರಜೆ ಮಗುವಿಗೆ ಹನ್ನೆರಡು ವಾರವಾದಾಗಲೇ ಮುಗಿಯುತ್ತದೆ. ಹಾಲೂಡಿಸುವ ತಾಯಿಗೆ ದಿನದಲ್ಲಿ ಬಿಡುವು ಕೊಡಬೇಕು, ಅದನ್ನು ಸಂಬಳದ ಹೊತ್ತೆಂದೇ ಎಣಿಸಬೇಕು ಎಂದೂ ಆ ಒಪ್ಪಂದ ಹೇಳುತ್ತದೆ. ಆದ್ದರಿಂದ ಈಗಲೇ ಮೇಲಧಿಕಾರಿಗೆ ಬರೆದು ಕೇಳಿ: ಬಾಗಿಲು ಹಾಕಿಕೊಳ್ಳಬಹುದಾದ ಶುಚಿಯಾದ ಒಂದು ಜಾಗ (ಶೌಚಾಲಯ ಅಲ್ಲ), ಸುಮಾರು ಮೂರು ಗಂಟೆಗೊಮ್ಮೆ ಬಿಡುವು, ಹಾಲಿಡಲು ಫ್ರಿಜ್. ರಜೆಯನ್ನು ಸಂಬಳವಿಲ್ಲದೆಯಾದರೂ ಕೆಲವು ವಾರ ಮುಂದೂಡಲು, ಅರ್ಧ ದಿನದ ಕೆಲಸದಿಂದ ಶುರುಮಾಡಲು ಆಗುವುದೇ ಎಂದೂ ಕೇಳಿ.

ಕೆಲಸಕ್ಕೆ ಹೋಗುವ ಎರಡು ಮೂರು ವಾರ ಮೊದಲು ದಿನಕ್ಕೊಂದು ಸಲ, ಮುಂಜಾನೆ ಮಗು ಕುಡಿದ ಮೇಲೆ, ಹಾಲು ಹಿಂಡಿ ತೆಗೆಯಲು ಶುರುಮಾಡಿ. ಮೊದಲು ಎರಡೇ ಚಮಚ ಬಂದರೂ ನಿರಾಶರಾಗಬೇಡಿ. ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ಸೆಕೆ ಹೆಚ್ಚಿದ್ದರೆ ಹೊರಗಿಡಬೇಡಿ. ಬೆಚ್ಚಗಿನ ನೀರಿನಲ್ಲಿ ಪಾತ್ರೆಯನ್ನಿಟ್ಟು ಕಾಯಿಸಿ, ಒಲೆಯ ಮೇಲೆ ಕುದಿಸಬೇಡಿ. ಹಗಲು ಮಗುವನ್ನು ನೋಡಿಕೊಳ್ಳುವವರು ಅತ್ತೆಯವರೇ ಆದರೆ, ಸಣ್ಣ ಲೋಟದಲ್ಲೋ ಚಮಚದಲ್ಲೋ ಅದನ್ನು ಕುಡಿಸುವ ಅಭ್ಯಾಸ ಈಗಿನಿಂದಲೇ ಅವರಿಗೆ ಆಗಲಿ. ಹೊರಡುವ ಮುನ್ನ ಒಮ್ಮೆ, ಮನೆಗೆ ಬಂದ ಕೂಡಲೇ ಒಮ್ಮೆ, ರಾತ್ರಿ ಬೇಕೆಂದಾಗಲೆಲ್ಲ, ರಜಾ ದಿನಗಳಲ್ಲಿ ಪೂರ್ತಿ ನೀವೇ ಎದೆಗೆ ಹಾಕಿ.

ಇಷ್ಟೆಲ್ಲ ಮಾಡಿಯೂ ಹಗಲು ಒಂದು ಬಾಟಲಿ ಪುಡಿ ಹಾಲು ಬೇಕಾಯಿತು ಎಂದುಕೊಳ್ಳಿ. ಆಗ "ಇನ್ನೇನು, ಕೆಟ್ಟೇಹೋಯಿತು" ಎಂದು ಎದೆಹಾಲನ್ನೇ ಬಿಡಬೇಡಿ. ನೀವು ಕೊಡುವ ಉಳಿದಷ್ಟೂ ಹಾಲಿನ ರೋಗನಿರೋಧಕ ಶಕ್ತಿ ಮಗುವಿಗೆ ಸೇರುತ್ತಲೇ ಇರುತ್ತದೆ. ಇನ್ನೊಂದು ಸಣ್ಣ ವಿಷಯ: ಸಾಧ್ಯವಾದರೆ ವಾರದ ನಡುವಿನ ದಿನದಿಂದ ಕೆಲಸಕ್ಕೆ ಹೋಗಲು ಶುರುಮಾಡಿ. ಮೊದಲ ವಾರ ಎರಡು ಮೂರು ದಿನ ಮಾತ್ರ ಮಗುವಿನಿಂದ ದೂರವಿರುತ್ತೀರಿ, ಎದೆಯಲ್ಲಿ ಹಾಲು ಕಟ್ಟಿಕೊಂಡರೆ ಸರಿಪಡಿಸಿಕೊಳ್ಳಲು ವಾರದ ರಜೆ ಬೇಗ ಸಿಗುತ್ತದೆ.